ಕಾಣೆಯಾದ ಎಂಟು ಎಂಬಿ

೨೦೦೧ನೇ ಇಸವಿ ಜುಲೈ ೧೧, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಒಬ್ಬ ಗಂಡಸು ಚಪ್ಪಲಿ ಬಿಟ್ಟು ನಿಂತ. ಒಳಗೆ ಸ್ಟಾಕ್ ರಿಜಿಸ್ಟರ್ ಬರೆಯುತ್ತಿದ್ದ ದ್ರಾಕ್ಷಾಯಿಣಿ ಮೊದಲು ಅವನ ಕಾಲನ್ನು, ಆಮೇಲೆ ಕೈಯಲ್ಲಿದ್ದ ಕಂದು ಲಕೋಟೆಯನ್ನು, ಕಡೆಗೆ ಮುಖವನ್ನು ನೋಡಿದಳು. ಪೆನ್ನು ಒಂದು ಅಂಕಿಯ ನಡುವೆಯೇ ನಿಂತುಬಿಟ್ಟಿತು.

ಮೂರು ವರ್ಷ, ಎರಡು ತಿಂಗಳು, ಒಂದು ದಿನ. ಅಷ್ಟು ಕಾಲ ಅವಳು ಈ ಮುಖಕ್ಕಾಗಿ ಕಾದಿದ್ದಳು. ಪ್ರೀತಿಯಿಂದಲ್ಲ, ಸೇಡಿಗಾಗಿ.

"ನಮಸ್ಕಾರ್ರಿ ಮೇಡಮ್. ಇಪ್ಪತ್ತು ಮಶೀನಿಗಿ ಮೆಮರಿ ಹೆಚ್ಚು ಮಾಡೂದು ಐತಿ ಅಂದ್ರು. ಕೊಟೇಶನ್ ತಂದೇ..." ಎನ್ನುತ್ತಿದ್ದವನು ಅವಳು ತಲೆಯೆತ್ತಿದ ಕೂಡಲೇ ಮಾತು ನುಂಗಿದ. ಕಿವಿಯ ತುದಿಗಳು ಕೆಂಪಾದವು. ಅವನೂ ಗುರುತು ಹಿಡಿದಿದ್ದ.

"ಯಾಕ್ರಿ, ಮುಂದ ಹೇಳ್ರಿ. ಮರತ್ರೇನು?"

"ಇಲ್ರಿ," ಎಂದ ಅವನು, ಲಕೋಟೆಯನ್ನು ಎರಡೂ ಕೈಯಿಂದ ಚಾಚುತ್ತ. "ಮರತಿಲ್ರಿ."

ಪಕ್ಕದ ಟೇಬಲಿನಲ್ಲಿ ಫ್ಲಾಪಿಗಳಿಗೆ ಚೀಟಿ ಅಂಟಿಸುತ್ತಿದ್ದ ಲ್ಯಾಬ್ ಸಹಾಯಕಿ ಅಬೀದಾ ಕೈಕೆಲಸ ಬಿಟ್ಟು ಕತ್ತು ಉದ್ದ ಮಾಡಿದಳು.

ಹೆಸರು ಹನಮೇಶ ಎಂದು ಲಕೋಟೆಯ ಮೇಲಿತ್ತು. ಓದುವ ಅಗತ್ಯ ಅವಳಿಗಿರಲಿಲ್ಲ. ಒಳಗಿನ ಹಾಳೆಯನ್ನು ಮಾತ್ರ ಎರಡು ಸಲ ಓದಿದಳು.

"ಉಳಿದ ಇಬ್ರು, ಈಗಿರೂ ಅರವತ್ನಾಲ್ಕು ಎಂಬಿ ಬಾಜೂಕ ಇನ್ನೊಂದು ಅರವತ್ನಾಲ್ಕು ಹಾಕ್ತೇವಿ ಅಂತ ಬರದಾರ. ನೀವೊಬ್ರ ಹಳೇದು ತಗದು, ನೂರಾ ಇಪ್ಪತ್ತೆಂಟರದು ಒಂದ ಹಾಕ್ತೇವಿ ಅಂತೀರಿ. ಯಾಕ?"

"ಮದರ್‌ಬೋರ್ಡಿನ್ಯಾಗ ಮೆಮರಿಗಿ ಇರೂವ ಎರಡು ಜಾಗಾರಿ. ಎರಡೂ ಇವತ್ತ ತುಂಬಿಸಿದ್ರ, ಮುಂದಿನ ವರ್ಷ ಹೆಚ್ಚಿಗಿ ಬೇಕಾದಾಗ ಏನರ ಕಿತ್ತು ಒಗೀಬೇಕಾಗ್ತೈತಿ. ಒಂದು ಖಾಲಿ ಇರ್ಲಿ ಅಂತ."

"ಅಷ್ಟನ?"

"ಇನ್ನೊಂದು ಐತ್ರಿ. ಹಳೇದರ ಸ್ಪೀಡು ನೂರು. ಹೊಸಾದರದು ನೂರಾ ಮೂವತ್ಮೂರು. ಎರಡೂ ಜೋಡಿಸಿ ಕುಂದರಿಸಿದ್ರ ಚುರುಕಿಂದೂ ನಿಧಾನದ್ದರ ಹಿಂದ ನಡೀತೈತಿ."

"ಯಾರ ಜೋಡಿ ಯಾರನ್ನ ಕೂಡಸಬಾರ್ದು ಅನ್ನೂದು ನಿಮ್ಮ ಮಂದಿಗಿ ಛಲೋ ಗೊತ್ತೈತಿ ಬಿಡ್ರಿ."

ಅವನು ನೆಲ ನೋಡಿದ. ಅಬೀದಾಳ ಕೈಯಿಂದ ಒಂದು ಫ್ಲಾಪಿ ಜಾರಿತು.

ಉತ್ತರ ಸರಿಯಾಗಿತ್ತು. ಹಿಂದಿನ ಸಂಜೆ ದ್ರಾಕ್ಷಾಯಿಣಿ ತಾನೇ ಹಾಳೆಯ ಮೇಲೆ ಲೆಕ್ಕ ಹಾಕಿ ಇದೇ ತೀರ್ಮಾನಕ್ಕೆ ಬಂದಿದ್ದಳು. ಅದೇ ಅವಳಿಗೆ ಉರಿದದ್ದು. ತಪ್ಪು ಹೇಳಿದ್ದರೆ ಅಲ್ಲಿಯೇ ಹರಿದು ಹಾಕಬಹುದಿತ್ತು.

ಆದರೂ ಯೋಚಿಸಿದಳು. ಕೆಲಸ ಬೇರೆಯವರಿಗೆ ಕೊಟ್ಟರೆ ಇವನು ಬರಿಗೈಲಿ ಹೋಗುತ್ತಾನೆ, ಅಷ್ಟೇ. ಅದು ಸಾಲದು. ಇವನು ಇಲ್ಲಿಯೇ ಕೆಲಸ ಮಾಡಬೇಕು. ಅದರಲ್ಲಿ ಒಂದು ಹುಳುಕು ಸಿಗಬೇಕು. ನಾಲ್ಕು ಜನರೆದುರು ಅದನ್ನು ಎತ್ತಿ ತೋರಿಸಿ ಯಾಕೆ ಹೀಗಾಯಿತೆಂದು ಕೇಳಬೇಕು. ಇವನ ಬಾಯಿಂದ ಒಂದೇ ಮಾತು ಬರಬೇಕು: ಗೊತ್ತಿಲ್ರಿ.

"ಮುಂದಿನ ಬುಧವಾರ ಬರ್ರಿ," ಎಂದಳು. "ಆರ್ಡರ್ ನಿಮಗ."

*

೧೯೯೮ರ ಮೇ ೧೦, ಭಾನುವಾರ. ಧಾರವಾಡದ ಸಪ್ತಾಪುರದ ಮನೆಯಲ್ಲಿ ಅವಳನ್ನು ತೋರಿಸುವ ಶಾಸ್ತ್ರ ನಡೆದಿತ್ತು.

ಹುಡುಗ ಹನಮೇಶ, ಹುಬ್ಬಳ್ಳಿಯಲ್ಲಿ ಹೊಸದಾಗಿ ಕಂಪ್ಯೂಟರ್ ಅಂಗಡಿ ಹಾಕಿದ್ದ. ತಂದೆ ಇರಲಿಲ್ಲ. ಅವನ ಪರವಾಗಿ ಮಾತು, ತೀರ್ಮಾನ, ನಗು ಎಲ್ಲವೂ ಕಾಕಾ ಮೈಲಾರಲಿಂಗಪ್ಪನವರದು. ಅಮರಗೋಳದ ಮಾರುಕಟ್ಟೆಯಲ್ಲಿ ಅವರಿಗೆ ಮೆಣಸಿನಕಾಯಿ ದಲಾಲಿ ಅಂಗಡಿ. ಹೊಸ್ತಿಲು ದಾಟಿದವರೇ ದ್ರಾಕ್ಷಾಯಿಣಿಯ ತಂದೆ ಗುರುಶಿದ್ದಪ್ಪನವರನ್ನು ಕೂರಿಸಿಕೊಂಡು ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಬಗ್ಗೆ ಶುರುಮಾಡಿದ್ದರು.

ಅಡಿಗೆಮನೆಯ ಬಾಗಿಲ ಹಿಂದೆ ದ್ರಾಕ್ಷಾಯಿಣಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ದೊಡ್ಡವರು ಮಾತು ಮುಗಿಸಿ ಕರೆಯುವವರೆಗೆ ಹೆಣ್ಣು ಹೊರಗೆ ಹೋಗುವಂತಿಲ್ಲ. ತಾಯಿ ರೇಣವ್ವ ಕಿವಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದಳು: "ಕೇಳಿದ್ದಕ್ಕಷ್ಟ ಹೇಳು. ಏನರ ದೊಡ್ಡ ಪ್ರಶ್ನಿ ಕೇಳಿದ್ರ ಗೊತ್ತಿಲ್ರಿ ಅನ್ನು. ಭಾಳ ಗೊತ್ತೈತಿ ಅನ್ನೂ ಹುಡಿಗಿನ್ನ ಯಾರೂ ಒಪ್ಪೂದಿಲ್ಲ."

ಗೋಡೆಯ ಗಡಿಯಾರದ ಪ್ರಕಾರ ಅವಳು ನಿಂತದ್ದು ಹನ್ನೊಂದು ನಿಮಿಷ.

ಕರೆದರು. ಹೋದಳು. ಚಹಾ ಕೊಟ್ಟಳು. ಎದುರಿಗಿದ್ದ ಹುಡುಗನ ರೆಪ್ಪೆ ಉದ್ದವಾಗಿದ್ದವು. ಅವನು ಒಮ್ಮೆ ಅವಳನ್ನು, ಒಮ್ಮೆ ಟೀವಿಯ ಮೇಲಿಟ್ಟ ಪುಸ್ತಕವನ್ನು ನೋಡಿದ. ಆಮೇಲೆ ತುಂಬಾ ಮೆಲ್ಲಗೆ ಕೇಳಿದ: "ರ‍್ಯಾಮ್ ಅಂದ್ರ ಏನ್ರಿ?"

ಎಂ.ಎಸ್ಸಿ. ಭೌತಶಾಸ್ತ್ರದ ಹುಡುಗಿ. ಒಂದು ಅಂಕಿಯನ್ನು ಹಿಡಿದಿಡುವ ಸರ್ಕಿಟ್ಟನ್ನು ರಂಗೋಲಿಯಂತೆ ನೆಲದ ಮೇಲೆ ಬರೆದು ತೋರಿಸಬಲ್ಲವಳು. ಬಾಗಿಲ ಸಂದಿಯಿಂದ ತಾಯಿಯ ಕಣ್ಣು ಕಂಡಿತು.

"ಗೊತ್ತಿಲ್ರಿ."

ಮೈಲಾರಲಿಂಗಪ್ಪನವರ ನಗು ಬೀದಿಗೆ ಕೇಳಿರಬೇಕು. "ಎಂ.ಎಸ್ಸಿ. ಅಂತ! ರ‍್ಯಾಮ್ ಗೊತ್ತಿಲ್ಲಂತ!" ಎಂಟು ದಿನಕ್ಕೆ ಮಧ್ಯಸ್ಥಿಕೆಯ ಅಂಬಾಬಾಯಿ ಸುದ್ದಿ ತಂದಳು. ಹುಡುಗಿಗೆ ತಿಳಿವಳಿಕೆ ಕಡಿಮೆಯಂತೆ. ಚಹಾನೂ ಆರಿತ್ತಂತೆ.

ಸುದ್ದಿ ಓಣಿಯ ತುಂಬ ಹರಡಿತು. ಆ ಮೇಲೆ ಬಂದ ಎರಡು ಕಡೆಯವರೂ ಚಹಾ ಕುಡಿಯುವ ಮೊದಲು ಕಪ್ಪು ಮುಟ್ಟಿ ನೋಡಿದ್ದರು.

ಅಂಬಾಬಾಯಿ ಬಂದುಹೋದ ಮಾರನೆಯ ದಿನ ದ್ರಾಕ್ಷಾಯಿಣಿ ಅದೇ ಕಪ್ಪಿಗೆ ಅಷ್ಟೇ ಬಿಸಿ ಚಹಾ ಹಾಕಿ, ಲ್ಯಾಬಿನ ಥರ್ಮಾಮೀಟರ್ ಅದ್ದಿ, ಹನ್ನೊಂದು ನಿಮಿಷ ಕಾದಳು. ಐವತ್ತೆಂಟು ಡಿಗ್ರಿ. ಪ್ರಯೋಗದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ದಿನಾಂಕ ಹಾಕಿ ಬರೆದಿಟ್ಟಳು. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಸೇರಿದಳು. ಎರಡು ವರ್ಷದ ಮೇಲೆ ಈ ಲ್ಯಾಬಿನ ಉಸ್ತುವಾರಿ ಅವಳ ಕೈಗೆ ಬಂತು. ಕಂಪ್ಯೂಟರಿನಲ್ಲಿ ಉಳಿದದ್ದನ್ನೆಲ್ಲ ಅವಳು ಓದಿ ಕಲಿತಳು. ಮೆಮರಿಯ ವಿಷಯವನ್ನು ಮಾತ್ರ ಹಲ್ಲು ಕಚ್ಚಿ ಕಲಿತಳು.

*

ಜುಲೈ ೧೮ಕ್ಕೆ ಹನಮೇಶ ಒಂದು ಡಬ್ಬಿ ಹಿಡಿದು ಬಂದ. ಹೊಳೆಯುವ ಚೀಲಗಳಲ್ಲಿ ಬೆರಳುದ್ದದ ಹಸಿರು ಪಟ್ಟಿಗಳು. ಒಂದೊಂದನ್ನೂ ದ್ರಾಕ್ಷಾಯಿಣಿ ಭೂತಗನ್ನಡಿಯ ಕೆಳಗಿಟ್ಟು, ಚಿಪ್ಪಿನ ಮೇಲಿನ ಅಕ್ಷರ ಕೆರೆದು ಮತ್ತೆ ಬರೆದದ್ದೇನೋ ಎಂದು ನೋಡಿದಳು.

"ಏನರ ಸಿಕ್ತೇನ್ರಿ?" ಎಂದ.

"ಸಿಗ್ತೈತಿ. ನನಗೇನು ಅವಸರ ಇಲ್ಲ."

ಅವನು ಕೆಲಸಕ್ಕೆ ಕೂತ. ಪ್ರತಿ ಪಟ್ಟಿ ಮುಟ್ಟುವ ಮೊದಲು ಕಂಪ್ಯೂಟರಿನ ಕಬ್ಬಿಣದ ಚೌಕಟ್ಟಿಗೆ ಒಮ್ಮೆ ಬೆರಳು ತಾಗಿಸುತ್ತಿದ್ದ. ಮೈಯೊಳಗಿನ ವಿದ್ಯುತ್ತು ಚಿಪ್ಪಿಗೆ ಹೊಡೆಯಬಾರದೆಂದು ಹಾಗೆ ಮಾಡುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಆದರೂ ನೋಡಲು ಅದು ದೇವರ ಹೊಸ್ತಿಲು ಮುಟ್ಟಿದಂತೆ ಇತ್ತು. ಪಟ್ಟಿಯನ್ನು ಓರೆಯಾಗಿಸದೆ, ಎರಡು ಹೆಬ್ಬೆರಳಿನಿಂದ, ಸಮ ಒತ್ತಡದಲ್ಲಿ ಇಳಿಸುತ್ತಿದ್ದ. ಎರಡೂ ಬದಿಯ ಬಿಳಿ ಕೊಕ್ಕೆಗಳು ಟಕ್ ಎಂದು ತಾವೇ ಮೇಲೆದ್ದು ಹಿಡಿದುಕೊಳ್ಳುತ್ತಿದ್ದವು.

ಆ ಟಕ್ ಸದ್ದು ತನ್ನ ಎದೆಯಲ್ಲಿ ಯಾಕೆ ಕೇಳಬೇಕು ಎಂದು ಅವಳಿಗೆ ಸಿಟ್ಟು ಬಂತು. ಬಂದ ಸಿಟ್ಟಿಗೆ ಎದ್ದು ಹೋಗಿ ಕಿಟಕಿಗೆ ಅಡ್ಡ ನಿಂತಳು.

"ಮೇಡಮ್, ಬೆಳಕಿಗಿ ಅಡ್ಡ ನಿಂತೀರಿ."

"ಬೇಕಂತನ ನಿಂತೇನಿ."

"ಹಂಗಾರ ನಿಂದರ್ರಿ," ಎಂದ ಅವನು ತಲೆಯೆತ್ತದೆ. "ನೆರಳೂ ತಂಪೈತಿ."

ಅಬೀದಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ಹೊರಗೆ ಓಡಿದಳು. ದ್ರಾಕ್ಷಾಯಿಣಿ ಕಿಟಕಿ ಬಿಟ್ಟು ಸರಿದಳು, ಕೆನ್ನೆ ಬಿಸಿಯಾಗಿತ್ತು. ಅವನ ರೆಪ್ಪೆಗಳ ಮೇಲೆ ಹಳೇ ಫ್ಯಾನಿನ ಧೂಳು ಕೂತಿತ್ತು. ಊದಿದರೆ ಹಾರುವಂಥ ಧೂಳು. ಆ ಯೋಚನೆಗಾಗಿ ತನ್ನನ್ನೇ ಬೈದುಕೊಂಡಳು.

"ಏ ದ್ರಾಕ್ಷಿ," ಎಂದಳು ಅಬೀದಾ ಊಟದ ಹೊತ್ತಿಗೆ, "ನೀ ಅಂವನ ತಪ್ಪು ಹುಡಕಾಕತ್ತೀಯೋ, ಅಂವನ್ನ ನೋಡಾಕತ್ತೀಯೋ?"

"ನೋಡದ ತಪ್ಪು ಹೆಂಗ ಸಿಗ್ತೈತಿ?"

"ಹೌದೌದು. ಮುಂಜಾನಿಂದ ಕಿವಿ ಹಿಂದ ಭಾಳ ತಪ್ಪು ಅದಾವ, ಅಲ್ಲೇ ನೋಡಾಕತ್ತಿದ್ದಿ."

ಎರಡು ದಿನದಲ್ಲಿ ಹತ್ತೊಂಬತ್ತು ಮಶೀನು ಮುಗಿದವು. ಇಪ್ಪತ್ತನೆಯದರ ಮಾನಿಟರ್ ರಿಪೇರಿಗೆ ಹೋಗಿತ್ತು. ಅದು ಬಂದ ಮೇಲೆ ನೋಡೋಣ ಎಂದು ಅದನ್ನು ಹಳೆಯ ಮೆಮರಿಯೊಡನೆ ಹಾಗೆಯೇ ಬಿಟ್ಟರು.

*

ಶುಕ್ರವಾರ ಬೆಳಿಗ್ಗೆ ಅವಳು ಒಂದನೆಯ ಮಶೀನು ಶುರುಮಾಡಿ, ಪರದೆಯ ಮೇಲೆ ಒಳಗಿನ ವಿವರದ ಕಿಟಕಿ ತೆರೆದಳು. ಅಲ್ಲಿ ೧೨೮ ಇರಬೇಕಿತ್ತು. ಇದ್ದದ್ದು ೧೨೦.

ಎರಡನೆಯದು ೧೨೦. ಮೂರನೆಯದು ೧೨೦. ಹತ್ತೊಂಬತ್ತನೆಯದರವರೆಗೂ ಅದೇ. ಪ್ರತಿಯೊಂದರಲ್ಲೂ ಎಂಟು ಎಂಬಿ ನುಂಗಿದ್ದಾನೆ! ಇಷ್ಟು ಶುದ್ಧವಾದ, ಇಷ್ಟು ಅಚ್ಚುಕಟ್ಟಾದ ತಪ್ಪು ಸಿಗುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಹನಮೇಶನನ್ನು ಫೋನ್ ಮಾಡಿ ಕರೆಸಿದಳು. ಪ್ರಿನ್ಸಿಪಾಲ್ ಬಿಂದುಮಾಧವ ಸರ್ ಅವರನ್ನೂ ಕರೆದಳು. ಅವರು ಸಂಸ್ಕೃತದ ವಿದ್ವಾಂಸರು, ಕಂಪ್ಯೂಟರಿಗೆ ದೂರದಿಂದಲೇ ಮರ್ಯಾದೆ ಕೊಡುವವರು. ಅಕೌಂಟ್ಸಿನವರು, ಅಬೀದಾ, ಬಾಗಿಲಲ್ಲಿ ಆರೇಳು ವಿದ್ಯಾರ್ಥಿಗಳು. ನಾಲ್ಕು ಜನ ಬೇಕೆಂದಿದ್ದಳು, ಹತ್ತು ಜನ ಸೇರಿದರು.

"ಇದು ಎಷ್ಟು ಅಂತ ಓದ್ರಿ," ಎಂದಳು ಪರದೆಗೆ ಬೆರಳಿಟ್ಟು.

"ನೂರಾ ಇಪ್ಪತ್ರಿ."

"ನೀವು ಬರದು ಕೊಟ್ಟದ್ದೆಷ್ಟು?"

"ನೂರಾ ಇಪ್ಪತ್ತೆಂಟು."

"ಏನ್ರೀ ಇದು," ಎಂದರು ಬಿಂದುಮಾಧವ ಸರ್. "ಹಾಲಿನ್ಯಾಗ ನೀರು ಹಾಕಿಧಾಂಗ ಆತಲ್ಲ!"

"ಉಳಿದ ಎಂಟು ಎಲ್ಲೆ ಹೋತ್ರಿ, ಹನಮೇಶ ಅವ್ರ?"

ಅವನು ಪರದೆ ನೋಡಿದ. ತುಟಿಯ ಮೂಲೆಯಲ್ಲಿ ನಗುವಿನಂಥದೇನೋ ಎದ್ದು ಬರುತ್ತಿತ್ತು. ಆಮೇಲೆ ಅವಳ ಮುಖ ನೋಡಿದ. ಎರಡು ಸೆಕೆಂಡು, ಮೂರು ಸೆಕೆಂಡು. ಅವಳು ರೆಪ್ಪೆ ಮಿಟುಕಿಸಲಿಲ್ಲ. ಎದ್ದ ನಗು ಅಲ್ಲಿಯೇ ಆರಿತು.

"ಗೊತ್ತಿಲ್ರಿ," ಎಂದ.

ಬಾಗಿಲಲ್ಲಿದ್ದ ಹುಡುಗರು ನಕ್ಕರು. ಮೂರು ವರ್ಷ ಎರಡು ತಿಂಗಳು ಹತ್ತು ದಿನ ಅವಳು ಕೇಳಲು ಕಾದಿದ್ದ ನಗು ಅದು.

ಹಾಕಿದ್ದನ್ನೆಲ್ಲ ತೆಗೆದುಕೊಂಡು ಹೋಗಬೇಕೆಂದು ಪ್ರಿನ್ಸಿಪಾಲರು ಹೇಳಿದರು. ಅವನು ಅಂದೇ ಕೂತು ಹತ್ತೊಂಬತ್ತನ್ನೂ ಒಂದೊಂದಾಗಿ ಬಿಚ್ಚಿದ, ಹಳೆಯದನ್ನು ಮರಳಿ ಕೂರಿಸಿದ. ಪ್ರತಿ ಸಲವೂ ಮೊದಲು ಚೌಕಟ್ಟಿಗೆ ಬೆರಳು ತಾಗಿಸಿದ. ಮರ್ಯಾದೆ ಹೋದ ಮೇಲೂ ಚಿಪ್ಪಿಗೆ ನೋವಾಗದಂತೆ ನೋಡಿಕೊಳ್ಳುವ ಈ ಮನುಷ್ಯನನ್ನು ನೋಡುತ್ತ ನಿಂತ ದ್ರಾಕ್ಷಾಯಿಣಿಗೆ, ಗೆದ್ದವರಿಗೆ ಆಗಬೇಕಾದ ಹಗುರ ಆಗಲಿಲ್ಲ.

ಅಬೀದಾ ಆ ದಿನ ತಮಾಷೆ ಮಾಡಲಿಲ್ಲ. "ಇನ್ನೂ ಎರಡು ಕಾಲೇಜಿನವ್ರು ಅಂವಗ ಬ್ಯಾಡ ಅಂತ ಹೇಳ್ಯಾರಂತ," ಎಂದಷ್ಟೇ ಹೇಳಿ, ಬ್ಯಾಗು ತೆಗೆದುಕೊಂಡು ಹೋದಳು.

*

ಮಂಗಳವಾರ ರಿಪೇರಿಯಾದ ಮಾನಿಟರ್ ಬಂತು. ದ್ರಾಕ್ಷಾಯಿಣಿ ಅದನ್ನು ಇಪ್ಪತ್ತನೆಯ ಮಶೀನಿಗೆ ಜೋಡಿಸಿ, ಸುಮ್ಮನೆ ಅಭ್ಯಾಸದಿಂದ ಅದೇ ಕಿಟಕಿ ತೆರೆದಳು. ಇದನ್ನು ಯಾರೂ ಮುಟ್ಟಿರಲಿಲ್ಲ. ಕೊಂಡ ದಿನದ ಅರವತ್ನಾಲ್ಕು ಹಾಗೆಯೇ ಒಳಗಿತ್ತು.

ಪರದೆಯ ಮೇಲೆ ೫೬ ಎಂದಿತ್ತು.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಅರವತ್ನಾಲ್ಕರಲ್ಲಿ ಐವತ್ತಾರು ಕಳೆದರೆ ಎಂಟು. ಇಲ್ಲಿಯೂ ಎಂಟು. ಹನಮೇಶ ಕೈಯಿಡದ ಮಶೀನಿನಲ್ಲೂ ಎಂಟೇ ಕಡಿಮೆ.

ಎಂ.ಎಸ್ಸಿ. ಓದುವಾಗ ಪಿ.ಯು. ಹುಡುಗರಿಗೆ ಪ್ರಯೋಗ ಹೇಳಿಕೊಡಲು ಹೋಗುತ್ತಿದ್ದಳು. ಸ್ಕ್ರೂಗೇಜು ಕೈಗೆ ಕೊಡುತ್ತ ಪ್ರತಿ ವರ್ಷ ಮೊದಲು ಹೇಳುತ್ತಿದ್ದ ಮಾತು ಒಂದೇ: ಅಳೆಯುವ ಮೊದಲು ಖಾಲಿ ಉಪಕರಣ ಏನು ತೋರಿಸುತ್ತದೆ ನೋಡಿ, ಅದರ ಶೂನ್ಯದಲ್ಲೇ ದೋಷವಿರುತ್ತದೆ. ಹೊಸ ಮೆಮರಿ ಹಾಕುವ ಮೊದಲು ಹಳೆಯದು ಎಷ್ಟು ತೋರಿಸುತ್ತಿತ್ತೆಂದು ಅವಳು ನೋಡಿಯೇ ಇರಲಿಲ್ಲ. ರಿಜಿಸ್ಟರಿನಲ್ಲಿ ೬೪ ಎಂದಿತ್ತು, ನಂಬಿದ್ದಳು. ಸೇಡಿನ ಅವಸರಕ್ಕೆ ಶೂನ್ಯದ ದೋಷ ಮರೆತಿದ್ದಳು.

ಅದಕ್ಕಿಂತ ದೊಡ್ಡ ಸಂಗತಿ ಆಮೇಲೆ ಹೊಳೆಯಿತು. ದಿನಕ್ಕೆ ಹತ್ತು ಮಶೀನು ಬಿಚ್ಚುವವನಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ.

ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ರಿ ಅಂದ.

ಅವಳಿಗೆ ಬಂದ ಕೋಪಕ್ಕೆ ಹೋಲಿಸಿದರೆ ಮೂರು ವರ್ಷದ ಹಳೆಯ ಕೋಪ ಏನೂ ಅಲ್ಲ.

*

ಕೊಪ್ಪಿಕರ ರಸ್ತೆಯ ಹಿಂದಿನ ಓಣಿಯಲ್ಲಿ, ಮೆಟ್ಟಿಲು ಹತ್ತಿ ಮೇಲೆ ಅವನ ಅಂಗಡಿ. ಮರುದಿನ ನಾಗರ ಪಂಚಮಿ. ಕೆಳಗೆ ಜನ ಕೊಬ್ಬರಿ, ಎಳ್ಳು ಕೊಳ್ಳುತ್ತಿದ್ದರು. ಮೇಲೆ ಹನಮೇಶ ಒಬ್ಬನೇ ಇದ್ದ. ಮೇಜಿನ ಮೇಲೆ ಹೊಳೆಯುವ ಚೀಲಗಳಲ್ಲಿ ಹತ್ತೊಂಬತ್ತು ಪಟ್ಟಿಗಳು, ಸಾಲಾಗಿ.

"ಐವತ್ತಾರು," ಎಂದಳು ಅವಳು, ನಮಸ್ಕಾರ ಕೂಡ ಹೇಳದೆ.

"ಏನ್ರಿ ಮೇಡಮ್?"

"ಇಪ್ಪತ್ತನೇ ಮಶೀನು. ಅರವತ್ನಾಲ್ಕರಾಗ ಐವತ್ತಾರು ತೋರಸಾಕತ್ತೈತಿ. ಎಂಟು ಎಲ್ಲೆ ಹೋತು?"

"ಗೊತ್..."

"ಗೊತ್ತಿಲ್ಲ ಅಂದ್ರ ಇದ ಸ್ಕ್ರೂಡ್ರೈವರ್ ತಗೊಂಡು ನಿಮ್ಮ ಗಾಜಿನ ಕಪಾಟು ಒಡೀತೇನಿ."

ಅವನು ಮೆಲ್ಲಗೆ ಸ್ಕ್ರೂಡ್ರೈವರನ್ನು ತನ್ನ ಕಡೆ ಸರಿಸಿಕೊಂಡ. "ಆ ಮಶೀನಿಗಿ ಡಿಸ್‌ಪ್ಲೇ ಕಾರ್ಡ್ ಬ್ಯಾರೆ ಇಲ್ರಿ. ಪರದೆ ಮ್ಯಾಲ ಚಿತ್ರ ಮೂಡಸಾಕ ಇದ್ದ ಮೆಮರಿಯೊಳಗಿಂದನ ಎಂಟು ತಗೊಂತೈತಿ. ಅದು ಕಳದಿರೂದಿಲ್ಲ. ಒಳಗ ಕೆಲಸಾ ಮಾಡ್ತಿರ್ತೈತಿ, ಲೆಕ್ಕಕ್ಕ ಬರೂದಿಲ್ಲ ಅಷ್ಟ."

"ಇದನ್ನ ಆವತ್ತ ಯಾಕ ಹೇಳ್ಲಿಲ್ಲ?"

ಅವನು ಸ್ಕ್ರೂಡ್ರೈವರನ್ನು ಡ್ರಾವರಿನೊಳಗೆ ಹಾಕಿದ.

"ಮೂರು ವರ್ಷ ಕಾದಿದ್ದೆ ನಾ. ಒಂದ ಸಲ ಗೆದ್ದೆ. ಅದನ್ನೂ ನೀವ ಭಿಕ್ಷಾ ಹಾಕಿದ್ರಿ!"

"ಭಿಕ್ಷಾ ಅಲ್ರಿ," ಎಂದ ಅವನು. "ಸಪ್ತಾಪುರದಾಗ ನೀವೂ ಗೊತ್ತಿದ್ದ ಗೊತ್ತಿಲ್ಲ ಅಂದಿದ್ರಿ."

ಅವಳು ತಟ್ಟನೆ ತಲೆಯೆತ್ತಿದಳು.

"ನಿಮ್ಮ ಟೀವಿ ಮ್ಯಾಲ ಒಂದು ಎಲೆಕ್ಟ್ರಾನಿಕ್ಸ್ ಪುಸ್ತಕ ಇತ್ರಿ. ನಡುವ ಪೆನ್ಸಿಲ್. ಅಡಿಗಿ ಬರ್ತೈತೇನು, ಹಾಡು ಬರ್ತೈತೇನು ಅಂತ ಕೇಳೂದು ಬಿಟ್ಟು, ಇವರಿಗಿ ಹೇಳಾಕ ಖುಷಿ ಆಗೂದು ಕೇಳೂಣು ಅಂತ ಆ ಪ್ರಶ್ನಿ ಕೇಳಿದ್ದೆ. ನೀವು ತಲಿ ಎತ್ತಿ ಗಡಗಡ ಹೇಳ್ತೀರಿ ಅನಕೊಂಡಿದ್ದೆ."

ಕೆಳಗೆ ಯಾರೋ ಕೊಬ್ಬರಿಯ ಬೆಲೆಗೆ ಚೌಕಾಶಿ ಮಾಡುತ್ತಿದ್ದರು.

"ಮತ್ತ ನಿಮ್ಮ ಕಾಕಾ ನಕ್ಕಾಗ?" ಎಂದಳು ಅವಳು. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

"ಸುಮ್ನ ಕೂತೆ."

"ಯಾಕ?"

"ಅಪ್ಪ ಹೋದಮ್ಯಾಲ ಅವ್ರ ಅನ್ನಾ ಹಾಕಿ ಬೆಳಸ್ಯಾರ್ರಿ. ಅವ್ರ ಮುಂದ ನನಗ ಬಾಯಿ ಬರೂದಿಲ್ಲ. ಅವ್ರು ಬ್ಯಾಡ ಅಂದ್ರು. ನಾ ಬೇಕು ಅನ್ಲಿಲ್ಲ."

"ಅದ ನಿಮ್ಮ ರೋಗ. ಆವತ್ತ ಸುಮ್ನ ಕೂತು ನನ್ನ ಮಾನ ಕಳದ್ರಿ. ಮೊನ್ನೆ ಸುಮ್ನ ನಿಂತು ನನ್ನ ಸೇಡೂ ಕಳದ್ರಿ."

"ಮೊನ್ನೆ ಅಂಜಿ ಸುಮ್ನಾಗಿಲ್ರಿ. ನಿಮ್ಮ ಮಾರಿ ನೋಡಿದೆ. ದೀಪಾ ಹಚ್ಚಿಟ್ಟಂಗ ಇತ್ತು. ಆರಿಸಾಕ ಮನಸ ಆಗ್ಲಿಲ್ಲ." ಅವನು ಚೀಲಗಳ ಸಾಲನ್ನು ಸುಮ್ಮನೆ ನೇರ ಮಾಡಿದ. "ಮೂರು ವರ್ಷ ಬ್ಯಾರೆ ಕನ್ಯಾ ನೋಡಾಕ ಹೋಗಿಲ್ರಿ ನಾ. ಅದನ್ನೂ ಯಾರ ಮುಂದೂ ಹೇಳಿಲ್ಲ."

ದ್ರಾಕ್ಷಾಯಿಣಿ ಮೆಟ್ಟಿಲಿನ ಕಡೆ ತಿರುಗಿದಳು. ಮುಖ ಅವನಿಗೆ ಕಾಣಬಾರದಿತ್ತು.

"ಇದಕ್ಕ ಬ್ಯಾರೆ ಶಿಕ್ಷಾ ಐತಿ," ಎಂದಳು. "ಬರದು ಕಳಸ್ತೇನಿ."

*

ಪಂಚಮಿ ಕಳೆದು ಗುರುವಾರ ಕಾಲೇಜು ತೆರೆಯಿತು. ಅವಳು ಅದೇ ಹತ್ತು ಜನರನ್ನು ಮತ್ತೆ ಕರೆದು ಇಪ್ಪತ್ತನೆಯ ಮಶೀನಿನ ಮುಂದೆ ನಿಲ್ಲಿಸಿದಳು. "ತಪ್ಪು ನಂದ್ರಿ ಸರ್. ಮೊದಲ ನೋಡಬೇಕಾದ್ದನ್ನ ನೋಡ್ಲಿಲ್ಲ," ಎಂದಳು. ಕಾರಣ ವಿವರಿಸಿದಳು.

"ಅಂದ್ರ ಹಾಲಿನ್ಯಾಗ ನೀರು ಇರ್ಲಿಲ್ಲ," ಎಂದರು ಬಿಂದುಮಾಧವ ಸರ್, ಕನ್ನಡಕ ಒರೆಸಿಕೊಳ್ಳುತ್ತ. "ನಾನ ಸುಮ್ಮಸುಮ್ಮನ ಅಂಧಾಂಗಾತು. ಕರಸ್ರಿ ಅವರನ್ನ."

ಸ್ಟಾಕ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ತನ್ನ ತಪ್ಪನ್ನು ಬರೆದು ಸಹಿ ಹಾಕಿದಳು. ಆ ಎರಡು ಕಾಲೇಜಿಗೂ ತಾನೇ ಹೋಗಿ ಹೇಳಿ ಬಂದಳು. ನಾಲಿಗೆ ಸುಟ್ಟುಕೊಂಡಂತಾಯಿತು, ಆದರೂ ಬಿಡಲಿಲ್ಲ. ಇವನ ಮೇಲಿನ ಸೇಡು ತೀರಬೇಕಾದರೆ ಮೊದಲು ತನ್ನ ಲೆಕ್ಕದಲ್ಲಿ ದೋಷ ಇರಬಾರದು.

ಸಂಜೆ ಅಬೀದಾಳ ಕೈಯಲ್ಲಿ ಒಂದು ಚೀಟಿ ಕಳಿಸಿದಳು. ದಾರಿಯಲ್ಲಿ ಅಬೀದಾ ಅದನ್ನು ಓದದೆ ಇರಲಿಲ್ಲ.

"ಭಾನುವಾರ ನಾಲ್ಕು ಗಂಟೆಗೆ ಸಪ್ತಾಪುರಕ್ಕೆ ಬರಬೇಕು. ಕಾಕಾ ಅವರೂ ಬರಬೇಕು. ಈ ಸಲ ನೋಡುವವಳು ನಾನು. ಅಡಿಗೆಮನೆಯಿಂದ ಚಹಾ ನೀವು ತರಬೇಕು. ಅರವತ್ತು ಡಿಗ್ರಿಗಿಂತ ಕಡಿಮೆ ಇದ್ದರೆ, ಇಲ್ಲ ಅಂತ ಹೇಳಿ ಕಳಿಸುತ್ತೇನೆ."

*

"ಗಂಡಸಿನ ಕೈಯಾಗ ಚಹಾ ಹೊರಸ್ತೀಯೇನ ಹುಚ್ಚಿ!" ಎಂದು ರೇಣವ್ವ ಬೆಳಿಗ್ಗೆಯಿಂದ ಹತ್ತು ಸಲ ಹಣೆ ಚಚ್ಚಿಕೊಂಡಿದ್ದಳು. ಗುರುಶಿದ್ದಪ್ಪನವರು ಮಾತ್ರ ಪೇಪರಿನ ಹಿಂದೆ ನಗುತ್ತಿದ್ದರು.

ಮೈಲಾರಲಿಂಗಪ್ಪನವರು ಬಂದರು. ಮದುವೆ ಮಾತೇ ಎತ್ತದಿದ್ದ ಅಣ್ಣನ ಮಗ ಮೂರು ವರ್ಷದ ಮೇಲೆ ಬಾಯಿ ತೆರೆದು "ಹೋಗೂಣು" ಅಂದಿದ್ದಕ್ಕೆ ಬಂದಿದ್ದರು. ಹನಮೇಶನನ್ನು ನೇರ ಅಡಿಗೆಮನೆಗೆ ಕಳಿಸಿದ್ದು ನೋಡಿ ಕಣ್ಣು ಅರಳಿಸಿದರು, ಮನೆಯ ಹೊಸ ಪದ್ಧತಿಯೇನೋ ಎಂದುಕೊಂಡು ಸುಮ್ಮನಾದರು.

ದ್ರಾಕ್ಷಾಯಿಣಿ ಅವರೆದುರು ಕುರ್ಚಿಯಲ್ಲಿ ಕೂತಳು, ಬೆನ್ನು ನೆಟ್ಟಗೆ. ಒಳಗೆ ಚಹಾ ಬಸಿಯುವ ಸದ್ದು ನಿಂತಿತು. ಕಪ್ಪುಗಳು ತಟ್ಟೆಯಲ್ಲಿ ಕೂತ ಸದ್ದು ಕೇಳಿತು. ಅವಳು ಗಡಿಯಾರ ನೋಡಿದಳು. ಆಮೇಲೆ ತುಂಬಾ ವಿನಯದಿಂದ ಕೇಳಿದಳು:

"ಕಾಕಾ, ಈ ಸಲ ಬ್ಯಾಡಗಿ ಮೆಣಸಿನಕಾಯಿ ಹೆಂಗ ಬಂದೈತ್ರಿ?"

ಕಾಕಾ ಅರಳಿದರು. ಬಣ್ಣ ಹೇಳಿದರು, ಸುಕ್ಕು ಹೇಳಿದರು, ಗುಂಟೂರಿನದು ಯಾಕೆ ಇದರ ಹತ್ತಿರ ಬರುವುದಿಲ್ಲ ಎಂದು ಹೇಳಿದರು. ಬಾಗಿಲ ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು. ಭಾರ ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ. ಬಸಿಯ ಮೇಲೆ ಕಪ್ಪು ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕಾಲಕ್ಕೆ ಅದು ಅವಳ ಕೈಯ ಸದ್ದಾಗಿತ್ತು.

ಹತ್ತು ನಿಮಿಷವಾದ ಮೇಲೆ ಅವಳು ಕರೆದಳು. "ಬರ್ರಿ."

ಹನಮೇಶ ತಲೆ ತಗ್ಗಿಸಿ ಬಂದು ಮೊದಲು ಹಿರಿಯರಿಗೆ, ಕೊನೆಗೆ ಅವಳಿಗೆ ಕೊಟ್ಟ. ಕಾಕಾ ಒಂದು ಗುಟುಕು ಹೀರಿ ಮುಖ ಸಿಂಡರಿಸಿದರು.

"ಏ, ಚಹಾ ಆರೇತಲ್ಲೋ!"

ರೇಣವ್ವ ಪರದೆಯ ಅಂಚು ಹಿಡಿದು ನಿಂತಳು. ದ್ರಾಕ್ಷಾಯಿಣಿ ಅವನ ಕಿವಿಗಳನ್ನೇ ನೋಡುತ್ತಿದ್ದಳು. ತುದಿಗಳು ಕೆಂಪಾಗುತ್ತಿದ್ದವು. ಡಿಗ್ರಿಯ ಪಂತ ನೆಪ ಮಾತ್ರ. ಅವಳು ಅಳೆಯಲು ಕೂತದ್ದು ಇದನ್ನೇ. ಇವತ್ತೂ ಸುಮ್ಮನಿದ್ದರೆ ಇಲ್ಲಿಗೆ ಮುಗಿಯಿತು, ಅವನೂ ಹೋಗಲಿ, ಅವನ ಉದ್ದ ರೆಪ್ಪೆಯೂ ಹೋಗಲಿ. ಮಾತಾಡು, ಎಂದು ಅವಳ ಬೆರಳು ಸೀರೆಯ ಅಂಚನ್ನು ಹಿಂಡಿದವು.

"ಕಾಕಾ," ಎಂದ ಹನಮೇಶ. ಖಾಲಿ ತಟ್ಟೆ ಕೆಳಗಿಟ್ಟ. "ಚಹಾ ಆರಿಸಿದವ ನಾ ಅಲ್ಲ. ಹತ್ತು ನಿಮಿಷ ಬಾಗಲಾ ಹಿಂದ ಹಿಡಕೊಂಡು ನಿಂತಿದ್ದೆ. ನಿಮ್ಮ ಮೆಣಸಿನಕಾಯಿ ಮುಗೀಲಿಲ್ಲ. ಆವತ್ತ ಇವರನ್ನೂ ಹಿಂಗ ನಿಂದರಿಸಿದ್ರಿ."

"ಏನಂದಿ?"

"ಇನ್ನೂ ಐತ್ರಿ. ನಾ ಕೇಳಿದ್ದು ಇವರಿಗಿ ಆವತ್ತೂ ಗೊತ್ತಿತ್ತು. ನೀವು ನಕ್ಕದ್ದು ತಪ್ಪು. ಸುಮ್ನ ಕೂತದ್ದು ನಂದು ಅದಕಿಂತ ದೊಡ್ಡ ತಪ್ಪು. ನನಗ ಆವತ್ತೂ ಇವ್ರ ಬೇಕಾಗಿದ್ರು. ಇವತ್ತೂ ಇವ್ರ ಬೇಕು."

ಮೈಲಾರಲಿಂಗಪ್ಪನವರು ಕಪ್ಪನ್ನು ಬಸಿಯ ಮೇಲಿಟ್ಟರು. "ಹತ್ತು ನಿಮಿಷ ಮಾತಾಡಿದ್ನೇನೋ ನಾ?" ಎಂದರು. ಆಮೇಲೆ ಅವಳ ಕಡೆ ತಿರುಗಿದರು. "ತಪ್ಪಾತವಾ, ತಂಗಿ. ಸಂತ್ಯಾಗ ನಕ್ಕಂಗ ನಕ್ಕಬಿಟ್ಟೆ ಆವತ್ತ."

ದ್ರಾಕ್ಷಾಯಿಣಿ ಮಗ್ಗುಲಿಗಿಟ್ಟಿದ್ದ ಡಬ್ಬಿಯಿಂದ, ತೊಳೆದು ಒರೆಸಿಟ್ಟ ಹೊಸ ಥರ್ಮಾಮೀಟರ್ ತೆಗೆದು ತನ್ನ ಕಪ್ಪಿನಲ್ಲಿ ಅದ್ದಿದಳು. ಕೆಂಪು ಗೆರೆ ಏರಿ ನಿಂತಿತು. ಕಣ್ಣಿನ ಸಮಕ್ಕೆ ಬಾಗಿ ಓದಿದಳು.

"ಅರವತ್ತಕ್ಕ ಕಡಿಮಿ ಇರ್ಬೇಕ್ರಿ," ಎಂದ ಅವನು.

"ಕಡಿಮಿ ಐತಿ."

"ಹಂಗಾರ, ಇಲ್ಲ ಅಂತ ಹೇಳಿ ಕಳಸ್ತೀರಿ?"

"ಉಳಿದದ್ದು ಕಳದಿಲ್ಲ," ಎಂದಳು ಅವಳು, ಅವನ ಕಣ್ಣಿನಲ್ಲಿ ಕಣ್ಣಿಟ್ಟು. "ಲೆಕ್ಕಕ್ಕ ಬಂದಿಲ್ಲ ಅಷ್ಟ."

ಕಪ್ಪು ಎತ್ತಿ ಕೊನೆಯ ಗುಟುಕಿನವರೆಗೂ ಕುಡಿದಳು. "ಅವ್ವಾ, ನನಗ ಒಪ್ಪಿಗಿ ಐತಿ," ಎಂದು ಒಳಗೆ ಕೇಳುವಂತೆ ಹೇಳಿದಳು. ಆಮೇಲೆ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು, ಮೂರು ವರ್ಷದ ಹಿಂದಿನ ಸಾಲಿನ ಕೆಳಗೆ ಇವತ್ತಿನ ದಿನಾಂಕ ಹಾಕಿ, ಅಳತೆ ಬರೆದಳು.

೫೮ ಡಿಗ್ರಿ ಸೆಲ್ಸಿಯಸ್.